ಹೂವಿನ ಕೋಲಿನ ಕೂಟವನ್ನು ನಡೆಸುವವರು ಯಾರು?

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯಲ್ಲಿ ನವರಾತ್ರಿಯ ದಿನಗಳಲ್ಲಿ ಮಕ್ಕಳು ಮನೆಮನೆಗೆ ಹೋಗಿ ನಡೆಸುವ, ಬಣ್ಣವೂ ಕುಣಿತವೂ ಇಲ್ಲದ ಯಕ್ಷಗಾನದ ಕಿರುಕೂಟಕ್ಕೆ ಹೂವಿನ ಕೋಲು ಎಂದು ಹೆಸರು. ಹೂವಿನಿಂದ ಸಿಂಗರಿಸಿದ ಕೋಲಿನೊಡನೆ ಬಂದ ಬಾಲಕರು ಚಾವಡಿಯಲ್ಲಿ ಎದುರುಬದುರಾಗಿ ಕುಳಿತು, ಮನೆಯವರಿಗೆ ಒಳಿತನ್ನು ಹಾರೈಸುವ ಸಾಲುಗಳನ್ನು ಒಪ್ಪಿಸಿದ ಬಳಿಕ, ಆಟಕ್ಕೆಂದೇ ಪದ್ಯರೂಪದಲ್ಲಿ ಹೊಸೆದ ಕಥೆಯಾದ ಪ್ರಸಂಗದ ಒಂದು ತುಣುಕನ್ನು ಮಾತಿನಲ್ಲೇ ಕಟ್ಟುತ್ತಾರೆ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮಳೆಗಾಲದಲ್ಲಿ ಕಲಾವಿದರು ಊರ ಹುಡುಗರಿಗೆ ಮಾತು ಕಲಿಸಿ ನವರಾತ್ರಿಗೆ ಸಜ್ಜುಗೊಳಿಸುತ್ತಿದ್ದುದರಿಂದ, ಇದು ಕಲಿಕೆಯೂ ಹೌದು, ಅವರ ಬಿಡುವಿನ ತಿಂಗಳುಗಳ ಅಕ್ಕಿಕಾಯಿಯ ದಾರಿಯೂ ಹೌದು.

ಈ ಕೂಟವನ್ನು ನಡೆಸುವವರು ಯಾರೆಂಬುದನ್ನು ಗಮನಿಸುವುದೇ ಹೊಸ ರಸಿಕನ ಮೊದಲ ಪಾಠ. ಶಾಸ್ತ್ರದ ಪ್ರಕಾರ ನಡೆಸುವವನು ಭಾಗವತ; ಬಡಗುತಿಟ್ಟಿನಲ್ಲಿ, ಅಂದರೆ ಈ ಸೀಮೆಯ ಯಕ್ಷಗಾನ ಪದ್ಧತಿಯಲ್ಲಿ, ಕೈತಾಳ ಹಿಡಿದು ಪದ್ಯ ಹಾಡುವ ಆತನನ್ನು ಮೊದಲನೆಯ ವೇಷಧಾರಿಯೆಂದೇ ಗೌರವಿಸುತ್ತಾರೆ. ಆದರೆ ಪದ್ಯದ ಎತ್ತುಗಡೆ, ಎಂದರೆ ಹಾಡಿನ ಆರಂಭ, ಮಗುವಿನ ಮಾತು ಮುಗಿಯುವವರೆಗೆ ಕಾಯಲೇಬೇಕು. ಹತ್ತು ವರ್ಷದ ಕೌರವನು ದನಿಯನ್ನು ದಪ್ಪಗೊಳಿಸಿ, ಗ್ರಾಂಥಿಕ ಕನ್ನಡದಲ್ಲಿ ಗುಡುಗುತ್ತಿರುವಾಗ ನಡುವೆ ಅರ್ಥ, ಅಂದರೆ ಪದ್ಯದ ಮೇಲೆ ಆಡುವ ಮಾತು, ಮರೆತುಹೋದರೆ, ಭಾಗವತನು ತಾಳವನ್ನು ತೊಡೆಯ ಮೇಲಿಟ್ಟು, ಮರೆತ ಮಾತನ್ನೇ ಪ್ರಶ್ನೆಯ ರೂಪದಲ್ಲಿ ಕೇಳಿ ದಾರಿ ತೋರಿಸುತ್ತಾನೆ. ಅಷ್ಟರಲ್ಲಿ ಇಬ್ಬರ ಮಾತನ್ನೂ ಬಾಯಿಪಾಠ ಮಾಡಿಕೊಂಡಿರುವ ಎದುರಿನ ಭೀಮನು ತನ್ನ ಶತ್ರುವಿಗೆ ಪಿಸುದನಿಯಲ್ಲಿ ಸಾಲು ಹೇಳಿಕೊಡುವುದೂ, ಗಾಬರಿಗೊಂಡ ಕೌರವನ ಬಾಯಿಂದ ‘ನಿಂಗ್ ಗೊತ್ತಿಲ್ಯಾ?’ ಎಂಬ ಅಪ್ಪಟ ಕುಂದಗನ್ನಡ ಹೊರಡುವುದೂ ಉಂಟು. ಚಾವಡಿ ನಗುತ್ತದೆ, ಮದ್ದಳೆಗಾರ ಒಂದು ಪೆಟ್ಟು ಹಾಕಿ ಕಥೆಯನ್ನು ಮತ್ತೆ ಎತ್ತುತ್ತಾನೆ. ಈ ನಗುವನ್ನು ದೋಷವೆಂದು ಎಣಿಸುವವನಿಗೆ ಹೂವಿನ ಕೋಲು ದಕ್ಕಲಾರದು, ಏಕೆಂದರೆ ಮಾತು ಕಳೆದುಕೊಂಡು ಮತ್ತೆ ಹಿಡಿಯುವ ಆ ಗಳಿಗೆಯಲ್ಲೇ ಮುಂದಿನ ಅರ್ಥಧಾರಿ ರೂಪುಗೊಳ್ಳುತ್ತಾನೆ.

ಮನೆಯ ಹಿರಿಯರ ಅಧಿಕಾರವೂ ಇಲ್ಲಿ ಸಣ್ಣದಲ್ಲ. ರಾತ್ರಿಯಿಡೀ ಆಟ ನೋಡಿ ಪ್ರಸಂಗಗಳನ್ನು ಅರಗಿಸಿಕೊಂಡ ಅಜ್ಜಿಯೊಬ್ಬರು ಗೋಡೆಗೊರಗಿ ಕುಳಿತಿದ್ದರೆ, ಬಿಟ್ಟುಹೋದ ಪದ್ಯ ಯಾವುದೆಂದು ಕೇಳುವ ಹಕ್ಕು ಅವರದು, ಉತ್ತರಿಸುವ ಹೊಣೆ ಭಾಗವತನದು.

ತೆಕ್ಕಟ್ಟೆಯ ಯಶಸ್ವಿ ಕಲಾವೃಂದದಂಥ ಸಂಸ್ಥೆಗಳು ಈ ರೂಢಿಯನ್ನು ಮತ್ತೆ ಮನೆಗಳಿಗೆ ತಂದಿರುವುದು, ಹಿಂದೆ ಗಂಡುಮಕ್ಕಳಿಗಷ್ಟೇ ಇದ್ದ ಚಾಪೆಯ ಮೇಲೆ ಇಂದು ಹುಡುಗಿಯರೂ ಕುಳಿತು ಅರ್ಥ ಹೇಳುವುದು ಸಂತೋಷದ ಸಂಗತಿ. ಹೊಸಬರು ವೇದಿಕೆಯ ಪ್ರದರ್ಶನಕ್ಕಿಂತ ಮನೆಯೊಳಗಿನ ಕೂಟವನ್ನೇ ಹುಡುಕಿಕೊಂಡು ಹೋಗಬೇಕು. ಅಲ್ಲಿ ಭಾಗವತನ ಮುಖವೂ ಮಕ್ಕಳ ಮುಖವೂ ಒಟ್ಟಿಗೆ ಕಾಣುವಂತೆ ಪಕ್ಕದಲ್ಲಿ ಕುಳಿತುಕೊಳ್ಳುವುದು ಉತ್ತಮ.