ಡಾಂಗಲ್ ಒಳಗೆ ಅಡಗಿದ ಸಿಡಿ

2010ರ ಆಸುಪಾಸಿನಲ್ಲಿ ಕೇಬಲ್ ಮುಟ್ಟದ ಊರುಗಳ ಕಂಪ್ಯೂಟರುಗಳಿಗೆ ಅಂತರ್ಜಾಲ ಬಂದದ್ದು ಬಹುಮಟ್ಟಿಗೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಮೂಲಕ. ಟಾಟಾ ಫೋಟಾನ್, ರಿಲಯನ್ಸ್ ನೆಟ್‌ಕನೆಕ್ಟ್, ಐಡಿಯಾ ನೆಟ್‌ಸೆಟ್ಟರ್ ಎಂದು ಹೊರಗೆ ಹೆಸರು ಬೇರೆಬೇರೆ. ಒಳಗಿರುತ್ತಿದ್ದದ್ದು ಹೆಚ್ಚಾಗಿ ಹುವಾವೇ ಇಲ್ಲವೇ ಝಡ್‌ಟಿಇ ತಯಾರಿಸಿದ ಮೋಡೆಮ್. ಜೊತೆಗೆ ಬರುತ್ತಿದ್ದ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್‌ಗೆ ಸಿದ್ಧವಾದದ್ದು. ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳನ್ನು ಬಳಸುವವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕಿತ್ತು. ಆ ದಾರಿಯನ್ನು ಸಲೀಸು ಮಾಡಿದ ಮುಕ್ತ ತಂತ್ರಾಂಶಗಳಿಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ಅವುಗಳ ಕೊರತೆಯ ಬಗೆಗೂ ನೇರವಾದ ಮಾತು ಕಡಿಮೆ.

ತೊಡಕಿನ ಮೂಲ ತಯಾರಕರು ಒದಗಿಸಿದ ಒಂದು ಅನುಕೂಲ. ಡ್ರೈವರ್ ಇರುವ ಸಿಡಿಯನ್ನು ಪ್ರತ್ಯೇಕವಾಗಿ ಕೊಡುವ ಖರ್ಚು ಉಳಿಸಲು ಅದನ್ನು ಡಾಂಗಲ್ ಒಳಗೇ ತುಂಬಿದರು. ಹಾಗಾಗಿ ಸಿಕ್ಕಿಸಿದ ಕೂಡಲೇ ಅದು ತನ್ನನ್ನು ಸಿಡಿ ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಸಿಡಿಯಿಂದ ಡ್ರೈವರ್ ಇನ್‌ಸ್ಟಾಲ್ ಆಗುತ್ತದೆ, ಡ್ರೈವರ್ ಒಂದು ಸಂದೇಶ ಕಳಿಸುತ್ತದೆ, ಆಗ ಸಿಡಿ ಮರೆಯಾಗಿ ಮೋಡೆಮ್ ಹೊರಬರುತ್ತದೆ. ಲಿನಕ್ಸ್‌ನಲ್ಲಿ ಆ ಸಂದೇಶ ಕಳಿಸುವವರೇ ಇರಲಿಲ್ಲ. ಪರದೆಯ ಮೇಲೆ ಒಂದು ಸಿಡಿಯ ಚಿತ್ರ ಮೂಡಿ ಸುಮ್ಮನೆ ಕೂತಿರುತ್ತಿತ್ತು.

ಈ ಗಂಟನ್ನು ಬಿಡಿಸಿದ್ದು ಯೋಸುವಾ ಡೀಟ್ಸೆ ಬರೆದ ಯುಎಸ್‌ಬಿ ಮೋಡ್‌ಸ್ವಿಚ್. ವಿಂಡೋಸ್‌ನಲ್ಲಿ ಡಾಂಗಲ್ ಮತ್ತು ಡ್ರೈವರ್ ನಡುವೆ ಓಡಾಡುವ ದತ್ತಾಂಶವನ್ನು ಹಿಡಿದು, ಯಾವ ಬೈಟುಗಳು ಹೋದಾಗ ರೂಪ ಬದಲಾಗುತ್ತದೆ ಎಂದು ಗುರುತಿಸಿ, ಅದೇ ಬೈಟುಗಳನ್ನು ಲಿನಕ್ಸ್‌ನಿಂದ ಕಳಿಸುವುದು ಇದರ ತಂತ್ರ. ಕೆಲವು ಡಾಂಗಲ್‌ಗಳಿಗೆ ಸಿಡಿಯನ್ನು ಹೊರತಳ್ಳುವ ಸಾಮಾನ್ಯ ಆಜ್ಞೆಯೇ ಸಾಕು. ಹುವಾವೇಯ ಹಲವು ಮಾದರಿಗಳಿಗೆ 31 ಬೈಟುಗಳ ಒಂದು ವಿಶೇಷ ಸಂದೇಶ ಬೇಕು. ಅದು ತಲುಪಿದರೆ 12ಡಿ1:1446 ಎಂದಿದ್ದ ಗುರುತಿನ ಸಂಖ್ಯೆ 12ಡಿ1:1001 ಆಗುತ್ತದೆ, ಮೋಡೆಮ್ ಮಾತಾಡುವ ಸೀರಿಯಲ್ ಪೋರ್ಟುಗಳು ಕಾಣಿಸಿಕೊಳ್ಳುತ್ತವೆ.

ಈ ತಂತ್ರಾಂಶದ ನಿಜವಾದ ಸೊಗಸು ಅದರ ರಚನೆಯಲ್ಲಿದೆ. ಕೆಲಸ ಮಾಡುವ ಪ್ರೋಗ್ರಾಂ ಚಿಕ್ಕದು. ಯಾವ ಡಾಂಗಲ್‌ಗೆ ಯಾವ ಸಂದೇಶ ಎಂಬ ಮಾಹಿತಿ ಬೇರೆಯದೇ ಪ್ಯಾಕೇಜಿನಲ್ಲಿ, ಸರಳ ಪಠ್ಯದ ಕಡತಗಳಲ್ಲಿ ಇರುತ್ತದೆ. ಹೊಸ ಮಾದರಿ ಮಾರುಕಟ್ಟೆಗೆ ಬಂದರೆ ಯಾರೋ ಒಬ್ಬ ಬಳಕೆದಾರ ಕಂಡುಕೊಂಡದ್ದು ನಾಲ್ಕಾರು ಸಾಲುಗಳಾಗಿ ಸೇರಿಕೊಳ್ಳುತ್ತದೆ. ಸಿ ಭಾಷೆ ಬಾರದವರೂ ಇದಕ್ಕೆ ಕೈಜೋಡಿಸಬಹುದು. ತಯಾರಕರು ಬಚ್ಚಿಟ್ಟ ವಿವರ ಹೀಗೆ ಎಲ್ಲರ ಸೊತ್ತಾಯಿತು. ಮುಕ್ತ ತಂತ್ರಾಂಶದ ಬಗ್ಗೆ ಆಡುವ ದೊಡ್ಡ ಮಾತುಗಳಿಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ.

ಮೋಡೆಮ್ ಕಂಡ ಮೇಲೆ ನೆಟ್‌ಗೆ ಸೇರುವುದು ಇನ್ನೊಂದು ಘಟ್ಟ. ಆರಂಭದ ವರ್ಷಗಳಲ್ಲಿ ಇದಕ್ಕೆ ವಿವ್‌ಡಯಲ್ ಬಳಕೆಯಲ್ಲಿತ್ತು. ಟರ್ಮಿನಲ್ ತೆರೆದು, ಒಂದು ಕಡತದಲ್ಲಿ ಪೋರ್ಟ್, ಎಪಿಎನ್ (ಮೊಬೈಲ್ ಜಾಲದಿಂದ ಅಂತರ್ಜಾಲಕ್ಕೆ ಹೋಗುವ ದ್ವಾರದ ಹೆಸರು), ಡಯಲ್ ಮಾಡಬೇಕಾದ ಸಂಖ್ಯೆ ಬರೆಯಬೇಕು: ಜಿಎಸ್ಎಂ ಜಾಲಕ್ಕೆ *99#, ಸಿಡಿಎಂಎ ಜಾಲಕ್ಕೆ #777. ಜಾಲ ಕೇಳದಿದ್ದರೂ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಜಾಗ ಖಾಲಿ ಬಿಡುವಂತಿಲ್ಲ, ಏನಾದರೊಂದು ತುಂಬಲೇಬೇಕು. ದೂರವಾಣಿ ತಂತಿಯ ಮೋಡೆಮ್ ಕಾಲಕ್ಕೆ ಹುಟ್ಟಿದ ಈ ಸಾಧನ ಮೊಬೈಲ್ ಯುಗದಲ್ಲೂ ದುಡಿಯಿತು. ಅದರ ಒಂದು ಗುಣವನ್ನು ಮಾತ್ರ ಈಚಿನ ತಂತ್ರಾಂಶಗಳು ಕಳೆದುಕೊಂಡಿವೆ: ನಡೆಯುತ್ತಿರುವುದನ್ನೆಲ್ಲ ಅದು ಸಾಲುಸಾಲಾಗಿ ಪರದೆಯ ಮೇಲೆ ತೋರಿಸುತ್ತಿತ್ತು. ಎಲ್ಲಿ ನಿಂತಿತು ಎಂಬುದು ಕಣ್ಣೆದುರೇ ಇರುತ್ತಿತ್ತು.

ಈಗ ಆ ಕೆಲಸ ನೆಟ್‌ವರ್ಕ್‌ಮ್ಯಾನೇಜರ್ ಮತ್ತು ಮೋಡೆಮ್‌ಮ್ಯಾನೇಜರ್ ಜೋಡಿಯದು. ದೇಶ ಆರಿಸಿ, ಕಂಪನಿ ಆರಿಸಿದರೆ ಎಪಿಎನ್ ತಾನಾಗಿ ತುಂಬಿಕೊಳ್ಳುತ್ತದೆ. ಹಿಂದೆ ಇರುವುದು ಜಗತ್ತಿನ ಮೊಬೈಲ್ ಕಂಪನಿಗಳ ವಿವರವಿರುವ ಒಂದು ಎಕ್ಸ್‌ಎಂಎಲ್ ಕಡತ. ಅದನ್ನೂ ಬಳಕೆದಾರರೇ ತಿದ್ದುತ್ತ ಬಂದಿದ್ದಾರೆ. ಮೋಡೆಮ್‌ಮ್ಯಾನೇಜರ್‌ನಿಂದ ಕಿರಿಕಿರಿಯೂ ಆಗಿದೆ. ಸಿಕ್ಕ ಸೀರಿಯಲ್ ಪೋರ್ಟುಗಳಿಗೆಲ್ಲ ಆಜ್ಞೆ ಕಳಿಸಿ ಮೋಡೆಮ್ ಇದೆಯೇ ಎಂದು ಪರೀಕ್ಷಿಸುವ ಅಭ್ಯಾಸದಿಂದ, ಸೀರಿಯಲ್ ಪೋರ್ಟಾಗಿಯೇ ಕಾಣುವ ಆರ್ಡುಯಿನೋ ಬೋರ್ಡ್ ಬಳಸುವವರು ಕಷ್ಟಪಟ್ಟರು. ಹಲವರು ಅದನ್ನು ಕಿತ್ತೇ ಹಾಕಿದರು. ನಂತರದ ಆವೃತ್ತಿಗಳಲ್ಲಿ ಪರೀಕ್ಷೆಯ ನಿಯಮ ಬಿಗಿಯಾಗಿದೆ.

2012ರ ಲಿನಕ್ಸ್ 3.4 ಕರ್ನೆಲ್‌ನಲ್ಲಿ, ಮೋಡೆಮ್ ಜೊತೆ ಮಾತಾಡುವ ಕ್ಯೂಎಂಐ ಎಂಬ ವಿಧಾನದ ಡ್ರೈವರ್ ಸೇರಿದ್ದು ದೊಡ್ಡ ತಿರುವು. ಡಯಲ್ ಮಾಡಿ ಪಿಪಿಪಿ ಎಂಬ ಶಿಷ್ಟಾಚಾರದ ಮೂಲಕ ದತ್ತಾಂಶ ಸಾಗಿಸುವ ಹಳೆಯ ಕ್ರಮ 4ಜಿ ವೇಗಕ್ಕೆ ಸಾಲುತ್ತಿರಲಿಲ್ಲ. ಹೊಸ ಡ್ರೈವರ್‌ನಿಂದ ಮೋಡೆಮ್ ನೇರವಾಗಿ ನೆಟ್‌ವರ್ಕ್ ಸಾಧನವಾಗಿ ಕಾಣತೊಡಗಿತು.

ಹುವಾವೇಯ ಹೈಲಿಂಕ್ ಮಾದರಿಗಳು ಬೇರೆ ಹಾದಿ ಹಿಡಿದವು. ಅಲ್ಲಿ ಡಾಂಗಲ್ ತಾನೇ ಪುಟ್ಟ ರೂಟರ್, ಬ್ರೌಸರ್‌ನಲ್ಲಿ 192.168.8.1 ತೆರೆದರೆ ಎಲ್ಲ ಅಲ್ಲೇ. ಲಿನಕ್ಸ್‌ಗೆ ಇದಕ್ಕಿಂತ ಸುಲಭದ ಡಾಂಗಲ್ ಇಲ್ಲ, ಅವಸರದಲ್ಲಿರುವವರಿಗೆ ಇದನ್ನೇ ಸೂಚಿಸಬೇಕು. ಆದರೆ ಈ ಸುಲಭಕ್ಕೆ ಬೆಲೆಯಿದೆ: ಸಂಪರ್ಕದ ಮೇಲಿನ ಹಿಡಿತ ಮುಚ್ಚಿದ ಫರ್ಮ್‌ವೇರ್ ಪಾಲಾಗುತ್ತದೆ. ತನ್ನ ಯಂತ್ರವನ್ನು ತಾನು ಅರಿಯಬೇಕೆಂದು ಮುಕ್ತ ವ್ಯವಸ್ಥೆ ಆರಿಸಿಕೊಂಡವರಿಗೆ ಅದು ಸಣ್ಣ ನಷ್ಟವಲ್ಲ.

ಇಡೀ ವ್ಯವಸ್ಥೆಯ ಅತಿ ದೊಡ್ಡ ಲೋಪಕ್ಕೆ ತಾಂತ್ರಿಕ ಕಷ್ಟವನ್ನು ದೂರುವಂತಿಲ್ಲ. ನೆಟ್ ಇಲ್ಲದವರಿಗೆ ನೆಟ್ ಕೊಡಿಸುವ ಪ್ಯಾಕೇಜನ್ನು ನೆಟ್‌ನಿಂದಲೇ ಇಳಿಸಿಕೊಳ್ಳಿ ಎಂದು ಹೇಳಿದ್ದು ಹಳೆಯ ವಿತರಣೆಗಳ ಅಕ್ಷಮ್ಯ ಅಜಾಗರೂಕತೆ. ಮನೆಗೆ ಕೇಬಲ್ ಇರುವವರು ಕೂತು ಇನ್‌ಸ್ಟಾಲ್ ಸಿಡಿ ಸಿದ್ಧಮಾಡಿದರೆ ಆಗುವುದೇ ಹೀಗೆ. ಇಂದಿನ ಪ್ರಮುಖ ಡೆಸ್ಕ್‌ಟಾಪ್ ವಿತರಣೆಗಳಲ್ಲಿ ಇದು ಬಹುಪಾಲು ಸರಿಹೋಗಿದೆ, ಹಗುರ ವಿತರಣೆಗಳಲ್ಲಿ ಈಗಲೂ ಉಳಿದಿದೆ.

ಇನ್ನೊಂದು ಲೋಪ ಸರಿಪಡಿಸಲು ಹೊಸ ಸಂಶೋಧನೆಯೇನೂ ಬೇಕಿಲ್ಲ. ಸಿಮ್‌ಗೆ ಪಿನ್ ಬೇಕಿದೆಯೇ, ಸಿಗ್ನಲ್ ಹುಡುಕುತ್ತಿದೆಯೇ, ಜಾಲದಲ್ಲಿ ನೋಂದಣಿಯಾಗಿದೆಯೇ ಎಂಬುದೆಲ್ಲ ಮೋಡೆಮ್‌ಮ್ಯಾನೇಜರ್‌ಗೆ ಗೊತ್ತಿರುತ್ತದೆ. ಟರ್ಮಿನಲ್‌ನಲ್ಲಿ ಎಂಎಂಸಿಎಲ್ಐ ಆಜ್ಞೆ ಕೊಟ್ಟರೆ ಹೇಳುತ್ತದೆ ಕೂಡ. ಎಪಿಎನ್ ತಪ್ಪಾಗಿ ಸಂಪರ್ಕ ಸಿಗದಿದ್ದಾಗ ಡೆಸ್ಕ್‌ಟಾಪ್ ಮಾತ್ರ ಪುಟ್ಟ ಕಿಟಕಿಯೊಂದರಲ್ಲಿ ಸಂಪರ್ಕ ವಿಫಲವಾಯಿತು ಎಂದಷ್ಟೇ ತಿಳಿಸಿ ಸುಮ್ಮನಾಗುತ್ತದೆ. ಯಾವ ಹಂತದಲ್ಲಿ ನಿಂತಿತು ಎಂಬ ಒಂದು ಸಾಲನ್ನು ಆ ಪುಟ್ಟ ಕಿಟಕಿಯಲ್ಲೇ, ಬಳಕೆದಾರರ ಭಾಷೆಯಲ್ಲೇ ತೋರಿಸುವ ಕೆಲಸವನ್ನು ಡೆಸ್ಕ್‌ಟಾಪ್ ರೂಪಿಸುವ ಜಿನೋಮ್ ಮತ್ತು ಕೆಡಿಇ ತಂಡಗಳು ಕೈಗೆತ್ತಿಕೊಳ್ಳಬೇಕು.