ಕಾಯಿ ಕಟ್ಟುವ ಎತ್ತರ

ನಮ್ಮ ಅಜ್ಜಾವರದ ಕಡೆ ಕೋವಿ ಎಂದರೆ ತೋಟ ಕಾಯುವ ಸಾಮಾನು. ಮಂಗ, ಹಂದಿಯ ಉಪದ್ರಕ್ಕೆ ಲೈಸನ್ಸ್ ಮಾಡಿಸಿ ಇಟ್ಟುಕೊಂಡದ್ದು. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಠೇವಣಿ. ಸಂಪಾಜೆ ಘಾಟಿ ಹತ್ತಿ ಕೊಡಗು ಸೇರಿದರೆ ಅದೇ ಕೋವಿಗೆ ಹೂ ಮುಡಿಸುತ್ತಾರೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಅಲ್ಲಿ ಲೈಸನ್ಸಿನಿಂದ ವಿನಾಯಿತಿ ಇದೆ. 2029ರವರೆಗೆ ಅದನ್ನು ಮುಂದುವರಿಸಿದ್ದಾರೆ. ಸೆಪ್ಟೆಂಬರ್ ಮೊದಲಿಗೆ ಕೈಲ್ ಮುಹೂರ್ತ ಹಬ್ಬ. ಆಯುಧಗಳಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಪೂಜಿಸಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಗಂಡಸರ ಜೊತೆ ಹೆಂಗಸರೂ ಕೋವಿ ಹಿಡಿದು ನಿಲ್ಲುತ್ತಾರೆ.

ಗುರಿಯ ಆಯ್ಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಾಗದದ ಗುರಿಹಲಗೆಯಲ್ಲಿ ತೂತು ಎಲ್ಲಿ ಬಿತ್ತೆಂದು ಹತ್ತಿರ ಹೋಗಿ ನೋಡಬೇಕು, ಅಂಕ ಲೆಕ್ಕ ಹಾಕಬೇಕು. ಕಾಯಿಗೆ ಅದೇನೂ ಬೇಡ. ಸರಿಯಾಗಿ ತಾಗಿದರೆ ಒಡೆಯುತ್ತದೆ, ನೀರು ಚಿಮ್ಮುತ್ತದೆ. ದೂರದಲ್ಲಿ ನಿಂತ ಮಗುವಿಗೂ ತೀರ್ಪು ಗೊತ್ತಾಗುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದ ಬೌಲಿಂಗ್ ಆಟದ ಮರದ ಪಿನ್‌ಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಹೊಡೆಯುವ ಪಂದ್ಯ ಬೆಳೆದದ್ದೂ ಇದೇ ಸುಖಕ್ಕೆ. ಸಾಮಾನ್ಯವಾಗಿ ಐದು ಪಿನ್, ಎದುರಿಗೆ ಗಡಿಯಾರ. ಪಿನ್ ಮಗುಚಿ ಮೇಜಿನ ಮೇಲೇ ಉಳಿದರೆ ಸಾಲದು, ಕೆಳಗೆ ಬೀಳಬೇಕು. ಅದರ ಹಿಂದೆ ಮಣ್ಣಿನ ದಿಬ್ಬ ಇದ್ದೇ ಇರುತ್ತದೆ.

ನನ್ನ ತಕರಾರು ಇರುವುದು ಆ ದಿಬ್ಬದ ವಿಷಯದಲ್ಲೇ. ಹಳೆಯ ಪದ್ಧತಿಯಲ್ಲಿ ಕಾಯಿಯನ್ನು ಎತ್ತರದ ಮರದ ತುದಿಗೆ ಕಟ್ಟುತ್ತಾರೆ. ನೋಡಲು ಬಲು ಚಂದ, ಹೊಡೆಯುವುದೂ ಕಷ್ಟ. ಆದರೆ ಕೋವಿಯ ಬಾಯಿ ಆಕಾಶಕ್ಕೆ ತಿರುಗಿರುತ್ತದೆ. ಸಣ್ಣದೆನ್ನಿಸುವ ಪಾಯಿಂಟ್ 22ರ ಗುಂಡು ಕೂಡ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಸುತ್ತ ಬರೀ ಕಾಡಿದ್ದ ಕಾಲದಲ್ಲಿ ಅದು ನಡೆಯಿತು. ಈಗ ಆ ಮರದ ಆಚೆ ಕಾಫಿ ತೋಟ, ಲೈನ್‌ಮನೆ, ರಸ್ತೆ. ಸಂಪ್ರದಾಯ ಎಂಬ ಒಂದೇ ಕಾರಣಕ್ಕೆ ಆ ಎತ್ತರವನ್ನು ಸಮರ್ಥಿಸಲು ನನ್ನಿಂದಾಗದು. ಸಂಪ್ರದಾಯ ಇರುವುದು ಕೋವಿಯಲ್ಲಿ, ಕಾಯಿಯಲ್ಲಿ, ಸೇರಿದ ಜನರಲ್ಲಿ. ಮರದ ತುದಿಯಲ್ಲಿ ಅಲ್ಲ.

ಕಾಯಿಯನ್ನು ಕೆಳಗಿಳಿಸಿ, ಗುಡ್ಡದ ಬರೆಗೆ ಎದುರಾಗಿ ಕಟ್ಟುವುದೇ ಸರಿಯಾದ ಏರ್ಪಾಡು. ಘಾಟಿಯ ಮೇಲೂ ಕೆಳಗೂ ಬರೆಗೆ ಬರವಿಲ್ಲ. ಕಲ್ಲಿಲ್ಲದ, ಮೆದು ಮಣ್ಣಿನದನ್ನು ಆರಿಸಿಕೊಂಡರಾಯಿತು, ಗುಂಡು ಪುಟಿಯುವ ಭಯವೂ ತಗ್ಗುತ್ತದೆ. ನೋಡುವವರೆಲ್ಲ ಹೊಡೆಯುವವನ ಹಿಂದೆ, ಹಗ್ಗದ ಆಚೆ ಇರಬೇಕು. ಕಾಯಿ ಬದಲಿಸಲು ಒಬ್ಬ ಮುಂದೆ ಹೋದರೆ ಎಲ್ಲ ಕೋವಿಗಳೂ ಖಾಲಿಯಾಗಿ, ಬಾಯಿ ತೆರೆದು ನೆಲದಲ್ಲಿರಬೇಕು.

ಕಷ್ಟ ಕಡಿಮೆಯಾಯಿತೆನ್ನುವವರು ದೂರ ಹೆಚ್ಚಿಸಲಿ, ಕಾಯಿ ಬಿಟ್ಟು ಮೊಟ್ಟೆ ಇಡಲಿ. ಮರದ ತುದಿಗೆ ಹೊಡೆದ ಗುಂಡು ತಪ್ಪಿದರೆ ಎಷ್ಟು ತಪ್ಪಿತು, ಯಾವ ಕಡೆಗೆ ಎಂದು ಹೊಡೆದವನಿಗೂ ತಿಳಿಯುವುದಿಲ್ಲ. ಬರೆಯ ಮುಂದಾದರೆ ಕಾಯಿಯ ಎಡಕ್ಕೋ ಕೆಳಕ್ಕೋ ಕೆಂಪು ಮಣ್ಣು ಹಾರುತ್ತದೆ. ಅದನ್ನು ನೋಡಿಕೊಂಡೇ ಅವನು ಮುಂದಿನ ಈಡಿಗೆ ಕೈ ತಿದ್ದಿಕೊಳ್ಳುತ್ತಾನೆ.