ಕೃಷ್ಣನ ಮನಸ್ಸಿಗೆ ಇಳಿಯದ ಕಾದಂಬರಿ

ಮಹಾಭಾರತದ ಕಥೆಯನ್ನು ಮರುಹೇಳುವ ಭೈರಪ್ಪನವರ ಕಾದಂಬರಿ ‘ಪರ್ವ’ (1979) ಸುರುವಾಗುವುದು ಮದ್ರದೇಶದ ಮುದುಕ ಶಲ್ಯನಿಂದ. ಯುದ್ಧ ಅವನಿಗೆ ಇನ್ನೂ ದೂರದ ಸುದ್ದಿ. ಮೊಮ್ಮಗಳ ಮದುವೆಯ ಚಿಂತೆಯೇ ದೊಡ್ಡದು. ಅಂಚಿನಲ್ಲಿ ನಿಂತವನ ಕಣ್ಣಿನಿಂದ ಕುರುಕ್ಷೇತ್ರಕ್ಕೆ ನಡೆಸುವ ಈ ಎದೆಗಾರಿಕೆಗೆ ನಾನು ಸೋತಿದ್ದೇನೆ. ಆಮೇಲೆ ಕುಂತಿ, ದ್ರೌಪದಿ, ಭೀಮ, ಕರ್ಣ, ದ್ರೋಣ, ಯುಯುಧಾನ ತಮ್ಮ ತಮ್ಮ ನೆನಪು ಬಿಚ್ಚುತ್ತಾರೆ. ದ್ರೌಪದಿ ಐವರನ್ನು ಮದುವೆಯಾದ ಸಂಗತಿ ಒಂದೇ. ಆದರೆ ಕುಂತಿಗೆ ಅದು ಮಕ್ಕಳ ಒಗ್ಗಟ್ಟು, ದ್ರೌಪದಿಗೆ ಸ್ವಂತ ಮೈಮನಸ್ಸಿನ ಪಾಡು. ಕೃಷ್ಣನ ಒಳಗೆ ಮಾತ್ರ ಕಾದಂಬರಿಕಾರರು ಇಳಿಯುವುದಿಲ್ಲ. ಅವನು ಕಾಣುವುದೆಲ್ಲ ಉಳಿದವರ ಕಣ್ಣಲ್ಲೇ. ಅದಕ್ಕೇ ಅಷ್ಟು ಎತ್ತರ ಕಾಣುತ್ತಾನೆ. ಇಡೀ ಕೃತಿಯ ಅತಿ ಜಾಣ ಆಯ್ಕೆ ಇದೇ ಎಂದು ನನ್ನ ಎಣಿಕೆ.

ಕೃಷ್ಣಾ ನದಿಯ ದಂಡೆಯ ನಮ್ಮ ಶಕ್ತಿನಗರಕ್ಕೂ ಒಂದೇ ಸಂಗತಿಯನ್ನು ಹಲವರ ಕಣ್ಣಿನಿಂದ ತೋರಿಸುವ ಇಂಥ ಕಾದಂಬರಿ ಬೇಕು. 1720 ಮೆಗಾವ್ಯಾಟ್ ಸಾಮರ್ಥ್ಯದ ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರವನ್ನು ಕಂಟ್ರೋಲ್ ರೂಮಿನ ಎಂಜಿನಿಯರ್ ನೋಡುವುದು ಒಂದು ಬಗೆ. ಹತ್ತಿ ಬಿಡಿಸುವಾಗ ಬೆರಳಿಗೆ ಹಾರುಬೂದಿ ಹತ್ತಿಸಿಕೊಳ್ಳುವ ದೇವಸೂಗೂರಿನ ಹೆಣ್ಣುಮಗಳು ನೋಡುವುದೇ ಬೇರೆ. ಬರೆಯುವವರೇ, ದಯವಿಟ್ಟು ಅವಳಿಂದ ಸುರು ಮಾಡಿರಿ.